ಆನೆ ಬಂದ ದಿನದ ಓದು

ಹಾನುಬಾಳು ಕಡೆಯ ತೋಟಗಳಲ್ಲಿ ಆನೆ ಬಂತೆಂದರೆ ಎಲ್ಲರ ಎದೆಯೂ ಢವಢವ. ನಮ್ಮ ಕೂಲಿ ಲೈನ್‌ಮನೆಯ ತನುಜಾಳಿಗೆ ಮಾತ್ರ ಖುಷಿ. ಫಾರೆಸ್ಟಿನವರ ಮೆಸೇಜು ಬಂದರೆ ಕೆಲಸ ಬಂದ್, ಬಾಗಿಲು ಹಾಕಿಕೊಂಡು ಓದಬಹುದು. ಉಳಿದ ದಿನ ಕಾಫಿ ಕೊಯ್ಲು, ಒಲೆ, ಅತ್ತೆ ಲಿಂಗಮ್ಮನ ಗೊಣಗಾಟ. "ಆನೆ ಬರ್ಲಿ ಅಂತ ಹರಕೆ ಹೊತ್ತೋಳು ಇವ್ಳೊಬ್ಳೇ ಕಣ್ರೀ," ಎಂದು ನಾನೇ ರೇಗಿಸುತ್ತಿದ್ದೆ.

ಈ ಸಲ ಲೈಬ್ರರಿಯಿಂದ ತಂದದ್ದು ಆಫ್ರಿಕಾದ ಪುರಾಣಗಳ ಜಾಡು ಹಿಡಿದು ಬರೆದ ದಪ್ಪ ಕಾದಂಬರಿ. ಸತ್ತವರನ್ನು ಕರೆಯುವ ಡೋಲು, ನದಿಯ ತಳದಲ್ಲಿ ಕೂತ ದೇವತೆ, ಅಣ್ಣನ ಜೀವ ಬಿಡಿಸಿಕೊಂಡು ಬರಲು ಹೊರಟ ಹುಡುಗಿ. ಓದುವಾಗ ತನುಜಾಳ ಮುಖ ನೋಡಬೇಕಿತ್ತು. ನಗು, ಗಾಬರಿ, ನಡುನಡುವೆ "ಹೋಗ್ಬ್ಯಾಡ್ವೇ" ಎಂದು ಆ ಹುಡುಗಿಗೇ ಬೈಗುಳ. ಅವಳ ಗಂಡ ವಸಂತನಿಗೆ ಪುಸ್ತಕ ಕಂಡರೆ ನಿದ್ದೆ. ಆದರೆ ಅವಳು ಕಥೆ ಹೇಳಿದರೆ ಮೈಯೆಲ್ಲ ಕಿವಿ.

ಅವತ್ತು ಬೆಳಿಗ್ಗೆ ವಸಂತ ಕೆರೆಯ ಹತ್ತಿರ ಮೋಟಾರು ಹಾಕಲು ಹೋಗಿದ್ದ. ಗೋಡೆಯ ಗೂಡಿನಲ್ಲಿ ಮೆಸೇಜಿನ ಸದ್ದಾಯಿತು, ಹಿಂದೆಯೇ ಇನ್ನೊಂದು. ಆನೆ! ಅವನಿಗೂ ಮೆಸೇಜು ಹೋಗಿರುತ್ತದೆ ಎಂದುಕೊಂಡು ತನುಜಾ ಪುಸ್ತಕ ಬಿಡಿಸಿದಳು. ಹುಡುಗಿ ನದಿಗೆ ಇಳಿಯುವ ಅಧ್ಯಾಯ. ಅದನ್ನು ಮುಗಿಸಿ ತಲೆಯೆತ್ತಿದಾಗಲೇ ಗೂಡಿನಲ್ಲಿ ತನ್ನ ಫೋನಿನ ಪಕ್ಕ ಅವನದೂ ಇರುವುದು ಕಂಡದ್ದು.

ಕೆರೆಯ ಕಡೆ ಓಡಿದಳು. ಲೈನಿನ ತುದಿಯಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ನಂಜುಂಡಯ್ಯ, ನಾನು ಸೇರಿ ಹಿಡಿದುಕೊಂಡೆವು. "ಕೂಗ್ಬ್ಯಾಡ ಕಣಮ್ಮ, ಅದು ರೊಚ್ಚಿಗೆದ್ದು ಅವನ ಮೇಲೇ ಹೋಗ್ತದೆ," ಎಂದರು ನಂಜುಂಡಯ್ಯ. ಪಾಪ, ಬಾಯಿಗೆ ಸೆರಗು ತುರುಕಿಕೊಂಡಳು.

ಆನೆಯನ್ನು ಓಡಿಸಿದ ಮೇಲೆ ವಸಂತ ಕಾಲುವೆಯಲ್ಲಿ ಸಿಕ್ಕ. ಜೀವ ಇತ್ತು, ಸೊಂಟ ನುಜ್ಜಾಗಿತ್ತು. "ಪುಸ್ತಕಕ್ಕೆ ನನ್ ಮಗನ್ನ ಬಲಿ ಕೊಟ್ಬುಟ್ಲು!" ಎಂದು ಲಿಂಗಮ್ಮ ಎದೆ ಬಡಿದುಕೊಂಡಳು. ಅನ್ಯಾಯದ ಮಾತು, ಆದರೆ ಹೆತ್ತ ಕರುಳಿಗೆ ಯಾರು ಬುದ್ಧಿ ಹೇಳಬೇಕು?

ಹಾಸನದ ಆಸ್ಪತ್ರೆಗೆ ನೋಡಲು ಹೋದೆ. ಮತ್ತೆ ನಡೆಯುವುದು ಕಷ್ಟ ಎಂದಿದ್ದರಂತೆ ಡಾಕ್ಟರು. ತನುಜಾ ಕೊಲೆ ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ಲೈಬ್ರರಿಗೆ ವಾಪಸ್ಸು ಕೊಡಲೇ ಎಂದು ಕೇಳಲು ನಾನು ಚೀಲದಿಂದ ಪುಸ್ತಕ ತೆಗೆದರೆ ವಸಂತ ಕಣ್ಣು ಬಿಟ್ಟ.

"ನದೀಲಿ ಏನಾಯ್ತೇ? ಓದು."

"ನಂಗೆ ಅದು ಬ್ಯಾಡ."

"ನನ್ ಸೊಂಟ ಹೋಯ್ತು. ಕಥೇನೂ ಹೋಗ್ಬೇಕಾ?"

ಓದತೊಡಗಿದಳು. ಒಂದು ಪುಟದವರೆಗೆ ದನಿ ನಡುಗಿತು, ಆಮೇಲೆ ಸರಾಗವಾಯಿತು. ಹುಡುಗಿ ದೇವತೆಗೆ ಎದುರು ಮಾತಾಡುವಷ್ಟರಲ್ಲಿ ಅವಳ ಮುಖ ಅರಳಿಬಿಟ್ಟಿತ್ತು. ಅದು ಅವಳಿಗೇ ಗೊತ್ತಾಯಿತು. ಪುಸ್ತಕ ಮಡಿಲಿಗೆ ಹಾಕಿಕೊಂಡು ಬಿಕ್ಕಿ ಅತ್ತಳು.

"ಅಕ್ಕ, ನಂಗೆ ಈಗ್ಲೂ ಖುಷಿ ಆಗ್ತೈತಲ್ಲ. ನಾನೆಂಥ ಹೆಂಗ್ಸು?"

ವಸಂತ ಮತ್ತೆ ಕಣ್ಣು ಮುಚ್ಚಿಕೊಂಡಿದ್ದ.

"ಓದೇ," ಎಂದ. "ನಿಲ್ಸಿದ್ರೆ ನೋವು ಗೊತ್ತಾಗ್ತೈತೆ."