ಬೀಗ ಹಾಕಿದ ಗಂಗೆ

ಕೆರೆಗೆ ಮೆಟ್ಟಿಲು ಕಟ್ಟುವುದು ಜನ ನೀರಿಗೆ ಇಳಿಯಲಿ ಎಂದು. ಇಷ್ಟು ಸಾದಾ ಮಾತು ನಮ್ಮ ಕಡೆಯ ದೊಡ್ಡ ಮನುಷ್ಯರಿಗೆ ಯಾವಾಗ ಮರೆತುಹೋಯಿತೋ ತಿಳಿಯದು. ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಮನೆಯಿಂದ ರಿಕ್ಷಾ ಹಿಡಿದು ಹೋಗುವಷ್ಟು ದೂರದಲ್ಲಿ ಒಂದು ಕೆರೆಯ ಘಾಟ್ ಇದೆ. ಗಣಪತಿ ಬಿಡಲು, ಬಿಹಾರದವರ ಛಠ್ ಪೂಜೆಗೆ ಊರಿಗೆ ಊರೇ ಅಲ್ಲಿ ಸೇರುತ್ತದೆ. ಹಬ್ಬ ಮುಗಿದ ಮರುದಿನ ಗೇಟಿಗೆ ಬೀಗ ಬೀಳುತ್ತದೆ. ಸುತ್ತ ಮಿರಿಮಿರಿ ಮಿಂಚುವ ಸ್ಟೀಲ್ ರೇಲಿಂಗ್, ಅದರ ತುಂಬ ಕೈಮುಗಿದು ನಗುವ ಪುಢಾರಿಗಳ ಬ್ಯಾನರ್. ಇದಕ್ಕೆ ಇಲ್ಲಿ ಸುಶೋಭೀಕರಣ, ಅಂದರೆ ಚಂದಗೊಳಿಸುವುದು ಎನ್ನುತ್ತಾರೆ. ಮಣ್ಣು!

ನಾನು ಅಲ್ಲಿಗೆ ಹೋದದ್ದು ಮಗಳ ಗಂಗೆ ಪೂಜೆಗೆ. ಸಾನಪಾಡಾದ ಗಂಡನ ಮನೆಯಿಂದ ಬಾಣಂತನಕ್ಕೆಂದು ಅವಳು ನಮ್ಮಲ್ಲಿಗೆ ಬಂದಿದ್ದಳು. ನಮ್ಮದು ಧಾರವಾಡದ ಕಡೆಯ ಮನೆತನ. ನಮ್ಮಲ್ಲಿ ಬಾಣಂತಿ ಮತ್ತೆ ಅಡಿಗೆಮನೆಗೆ ಕಾಲಿಡುವ ಮೊದಲು ಹೊಳೆಗೋ ಕೆರೆಗೋ ಬಾವಿಗೋ ಹೋಗಿ, ದಂಡೆಯ ಮೇಲೆ ಐದು ಹರಳಿಟ್ಟು ಅರಿಷಿಣ ಕುಂಕುಮ ಏರಿಸಿ, ತನ್ನ ಕೈಯಿಂದಲೇ ಕೊಡ ತುಂಬಿ ತರಬೇಕು. ಆ ನೀರಿನ ಒಂದು ಹನಿ ಕೂಸಿನ ನಾಲಿಗೆಗೆ ಬೀಳಬೇಕು. ನನ್ನ ನಾಲಿಗೆಗೆ ಊರಿನ ಬಾವಿಯದು ಬಿದ್ದಿತ್ತು, ನನ್ನ ಮಗಳ ನಾಲಿಗೆಗೆ ಇದೇ ಕೆರೆಯದು. ಮೊಮ್ಮಗಳಿಗೆ ಮಾತ್ರ ತಪ್ಪಿಸಲು ನನಗೆ ಮನಸ್ಸಿರಲಿಲ್ಲ. ನಮ್ಮ ಮನೆಯಿರುವ ಹೌಸಿಂಗ್ ಸೊಸೈಟಿಯ ಹಳೆಯ ಬಾವಿಗೆ ಸಿಮೆಂಟು ಮುಚ್ಚಿ ಅದರ ಮೇಲೆ ಬೈಕು ನಿಲ್ಲಿಸುತ್ತಾರೆ.

"ನಲ್ ಕಾ ಪಾನಿ ಚಲೇಗಾ ನಾ, ಮಮ್ಮಿ?" ಎಂದಳು ಮಗಳು, ನಳದ ನೀರೇ ನಡೆಯುತ್ತದಲ್ಲ ಎಂದು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ನಳಕ್ಕ ಯಾರರ ಉಡಿ ತುಂಬತಾರೇನವಾ? ಸುಮ್ನ ನಡಿ" ಎಂದೆ.

ಖಾಲಿ ಕೊಡ ಹಿಡಿದು ಮನೆಯಿಂದ ಹೊರಬೀಳಬಾರದು. ಅದಕ್ಕೆಂದು ತಾಮ್ರದ ಸಣ್ಣ ಕೊಡದಲ್ಲಿ ನಾಲ್ಕು ಅಕ್ಕಿಕಾಳು ಹಾಕಿ, ಬಾಯಿಗೆ ಕೆಂಪು ಬಟ್ಟೆ ಕಟ್ಟಿ ಮಗಳ ಕೈಗೆ ಕೊಟ್ಟಿದ್ದೆ. ಕೂಸು ನನ್ನ ಹೆಗಲ ಮೇಲಿತ್ತು. ಗೇಟಿನ ವಾಚ್‌ಮನ್ ಕುರ್ಚಿಯಿಂದ ಏಳಲಿಲ್ಲ. ಕೊಡದ ಕಡೆ ಒಮ್ಮೆ ನೋಡಿ, "ಅಸ್ಥಿ ಕೆ ಲಿಯೇ ಪೀಛೇ ಕಾ ಗೇಟ್ ಹೈ" ಎಂದ. ಅಸ್ಥಿ ಬಿಡುವವರು ಹಿಂದಿನ ಗೇಟಿಗೆ ಹೋಗಬೇಕಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ಅಸ್ಥಿ ತರುವ ಮಡಕೆಗೂ ಕೆಂಪು ಬಟ್ಟೆ ಕಟ್ಟುತ್ತಾರೆಂಬುದು ನನಗೆ ಹೊಳೆದದ್ದು ಆಮೇಲೆ. ಆದರೆ ಎದುರಿಗೆ ಹಸುಗೂಸು ಇದೆ, ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫ್ ಕಟ್ಟಿದ ಬಾಣಂತಿ ನಿಂತಿದ್ದಾಳೆ, ಈ ಮಹಾನುಭಾವನಿಗೆ ಕಂಡದ್ದು ಹೆಣದ ಬೂದಿ!

"ನಿನ್ನ ಕಣ್ಣಿಗೇನಾಗೇದೋ? ಕೂಸು ಕಾಣಸೂದಿಲ್ಲೇನು?" ಎಂದು ಕನ್ನಡದಲ್ಲೇ ಬೈದೆ. ಸಿಟ್ಟು ಬಂದಾಗ ಬೇರೆ ಭಾಷೆ ನನ್ನ ಬಾಯಿಗೆ ಬರುವುದಿಲ್ಲ. ಆಮೇಲೆ ಮಗಳು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಅವನು ಗೇಟು ತೆಗೆಯಲಿಲ್ಲ. ಹಬ್ಬದ ದಿನ ಬನ್ನಿ, ಆಗ ಎಲ್ಲರಿಗೂ ಖುಲ್ಲಾ ಇರುತ್ತದೆ ಎಂದ. ನನ್ನ ಮಗಳು ಹಬ್ಬದ ತಾರೀಖು ನೋಡಿ ಹೆರಬೇಕಾಗಿತ್ತೇನೋ.

ಅಲ್ಲಿಯವರೆಗೆ ಒಲ್ಲದ ಮನಸ್ಸಿನಿಂದ ಬಂದಿದ್ದ ಮಗಳಿಗೆ ಅಸ್ಥಿ ಎಂಬ ಮಾತು ಚುಚ್ಚಿತ್ತು. ಅವಳು ಬಿರಬಿರನೆ ನಡೆದು, ರೇಲಿಂಗ್ ನೇರ ನೀರಿನ ಮೇಲೆಯೇ ನಿಂತಿರುವ ಮೂಲೆಗೆ ಹೋದಳು. ಕೊಡದ ಬಟ್ಟೆ ಬಿಚ್ಚಿ, ತನ್ನ ದುಪಟ್ಟಾವನ್ನು ಅದರ ಕೊರಳಿಗೆ ಬಿಗಿದು ಕೆಳಗೆ ಬಿಟ್ಟಳು.

"ಬಗ್ಗಬ್ಯಾಡವಾ, ಹೊಟ್ಟಿ ಹೊಲಿಗಿ ಬಿಚ್ಚೀತು!" ಎಂದು ನಾನು ಕೂಗಿಕೊಂಡೆ. ಅವಳು ಕೇಳಲಿಲ್ಲ. ಕೊಡವನ್ನು ಮೇಲೆಳೆದು ರೇಲಿಂಗಿನ ಬುಡದಲ್ಲಿಟ್ಟು, ಐದು ಹರಳು ಆಯ್ದು ಸಾಲಾಗಿ ಇಟ್ಟು, ನಾನು ಕೊಟ್ಟ ಅರಿಷಿಣ ಕುಂಕುಮವನ್ನು ಹರಳಿಗೂ ಕೊಡಕ್ಕೂ ಹಚ್ಚಿದಳು. ಕೈಮುಗಿದು ಕೊಡದೊಳಗೆ ಬಗ್ಗಿ ನೋಡಿದಳು.

ನೀರು ಕರ್ರಗಿತ್ತು. ಅದರಲ್ಲಿ ಕೊಳೆತ ಹೂವು, ಥರ್ಮಾಕೋಲಿನ ಚೂರು, ಮೇಲೆ ಮೂರ್ತಿಯ ಬಣ್ಣದ ಕೆನೆ. ವಾಸನೆಗೆ ನಾನು ಕೂಸಿನ ಮುಖಕ್ಕೆ ಸೆರಗು ಮುಚ್ಚಿದೆ. ನಾನು ಬಾಣಂತಿಯಾಗಿ ಬಂದಾಗ ಇದೇ ನೀರಿನಲ್ಲಿ ಕೆಳಗಿನ ಮೆಟ್ಟಿಲುಗಳು ಕಾಣುತ್ತಿದ್ದವು. ದೇವರ ಹೆಸರಿನಲ್ಲಿ ಹೊಲಸು ಮಾಡಿದರು, ದೇವರ ಹೆಸರಿನಲ್ಲೇ ಬೀಗ ಜಡಿದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

"ಮಮ್ಮಿ, ಯೇ ದೇಗೀ ತೂ ಇಸ್ಕೋ?" ಎಂದು ಮಗಳು ಕೂಸಿನ ಕಡೆ ನೋಡಿದಳು. ಈ ನೀರನ್ನು ಇದಕ್ಕೆ ಕೊಡುತ್ತೀಯಾ ಎಂಬುದು ಅವಳ ಪ್ರಶ್ನೆ.

ಅಷ್ಟರಲ್ಲಿ ಬರುವ ಹಬ್ಬದ ಮಂಟಪ ಹಾಕಿಸುತ್ತಿದ್ದ ಉತ್ಸವ ಸಮಿತಿಯ ಹಿರಿಯನೊಬ್ಬ ಅತ್ತಲಿಂದ ಕೂಗುತ್ತ ಬಂದ. ಬಿಳಿ ಕುರ್ತಾ, ಹಣೆಗೆ ಉದ್ದ ನಾಮ. "ಓ ತಾಈ, ಹೇ ಪವಿತ್ರ ಠಿಕಾಣ್ ಆಹೇ!" ಪವಿತ್ರ ಜಾಗವಂತೆ, ಯಾರೆಂದರವರು ಬಂದು ಹೀಗೆ ನೀರು ಸೇದಬಾರದಂತೆ. ಹತ್ತಿರ ಬಂದು ಕುಂಕುಮ ಹಚ್ಚಿದ ಕೊಡ, ಹರಳು, ಕೂಸು ಎಲ್ಲ ನೋಡಿದ ಮೇಲೆ ಅವನ ದನಿ ಮೆತ್ತಗಾಯಿತು. ಪೂಜೆಯಾ ಎಂದು ಕೇಳಿ, ಚಪ್ಪಲಿ ಕಳಚಿ, ಎಡಗೈ ಮೇಲೆ ಬಲಗೈ ಇಟ್ಟು ಮುಂದೆ ಚಾಚಿದ. ಕುಂಕುಮದ ಕೊಡ ಕಂಡರೆ ತೀರ್ಥಕ್ಕೆ ತಾನಾಗಿ ಕೈ ಮುಂದಾಗುವ ರೂಢಿ ನಮ್ಮೆಲ್ಲರಿಗೂ ಇದೆ.

ಮಗಳು ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ಅವಳು ಕೊಡ ಬಗ್ಗಿಸಿ ಅವನ ಅಂಗೈ ತುಂಬ ಸುರಿದಳು.

ಅವನು ಕಣ್ಣುಮುಚ್ಚಿ ಕೈಯನ್ನು ಬಾಯಿಯ ಹತ್ತಿರ ತಂದ, ವಾಸನೆ ತಗುಲಿ ಕಣ್ಣು ತೆರೆದ. ತೀರ್ಥವನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಈ ನೀರನ್ನು ಕುಡಿಯುವಂತಿಲ್ಲ. ಬೆರಳ ಸಂದಿಯಿಂದ ಕಪ್ಪು ನೀರು ಕುರ್ತಾದ ಬಿಳಿಯ ತೋಳಿಗೆ ಇಳಿಯುತ್ತಿತ್ತು.

"ಘ್ಯಾ ನಾ, ಕಾಕಾ" ಎಂದಳು ಮಗಳು, ಮರಾಠಿಯಲ್ಲಿ, ಬಲು ಮರ್ಯಾದೆಯಿಂದ. ನೀವು ತೆಗೆದುಕೊಂಡ ಮೇಲೆ ನನ್ನ ಮಗಳಿಗೂ ಇದನ್ನೇ ಕೊಡುವುದಿದೆ ಎಂದಳು.

ಅವನು ಕುಡಿಯಲಿಲ್ಲ. ನನ್ನ ಮೊಮ್ಮಗಳ ನಾಲಿಗೆಗೂ ಹನಿ ಬೀಳಲಿಲ್ಲ.