ಅಪ್ಪನ ಕಂಬಳಿಗೆ ಬಿದ್ದ ಹುಳ

ಅಪ್ಪ ಚಳ್ಳಕೆರೆಯಲ್ಲಿ ಕಂಬಳಿ ನೇಯುತ್ತಿದ್ದ. ತನಗೆಂದು ನೇಯ್ದುಕೊಂಡದ್ದು ಒಂದೇ ಒಂದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಅದನ್ನು ಒಗೆದು ಬಿಸಿಲಿಗೆ ಹಾಕಲು ಹೊರಟಳು. ನಾನು ಕಿತ್ತುಕೊಂಡೆ. ಅದರಲ್ಲಿ ಅಪ್ಪನ ಬೆವರಿನ, ಬೀಡಿಯ ವಾಸನೆ ಇನ್ನೂ ಇತ್ತು. ನುಸಿಗುಳಿಗೆಯನ್ನಾದರೂ ಇಡುತ್ತೇನೆ ಎಂದಳು, ಅದಕ್ಕೂ ಬಿಡಲಿಲ್ಲ. ಗುಳಿಗೆಯ ನಾತದ ಮುಂದೆ ಅಪ್ಪನ ವಾಸನೆ ಉಳಿಯುವುದುಂಟೇ? ನನ್ನ ಹಟದ ಮುಂದೆ ಆ ಮನೆಯಲ್ಲಿ ಯಾರ ಆಟವೂ ನಡೆಯುತ್ತಿರಲಿಲ್ಲ. ಕಂಬಳಿಯನ್ನು ಅಪ್ಪನ ಪಂಚೆಯ ಜೊತೆ ಅವ್ವನ ಟ್ರಂಕಿಗೆ ಹಾಕಿಟ್ಟು, ಮೊಳಕಾಲ್ಮೂರಿನ ಗಂಡನ ಮನೆಗೆ ಹೊರಟುಬಿಟ್ಟೆ.

ವರ್ಷದ ಕಾರ್ಯದ ದಿನ ತವರಿನಲ್ಲಿ ಟ್ರಂಕು ತೆಗೆದೆವು. ಕಂಬಳಿಯ ಗದ್ದಿಗೆ ಹಾಸದೆ ನಮ್ಮಲ್ಲಿ ಪೂಜೆಯಿಲ್ಲ. ಮಡಿಕೆ ಬಿಚ್ಚಿದರೆ ಬರೀ ತೂತು.

"ಇಲಿ ಹೊಕ್ಕೋ ತನಕ ಏನ್ ಮಾಡ್ತಿದ್ದಿ?" ಎಂದು ಅವ್ವನ ಮೇಲೆ ಹರಿಹಾಯ್ದೆ. ಅವಳು ಒಂದೂ ತೂತಿಲ್ಲದ ಪಂಚೆಯನ್ನು ಎತ್ತಿ ಮಡಿಸತೊಡಗಿದಳು.

ಕಾರ್ಯಕ್ಕೆ ಬಂದಿದ್ದ ನನ್ನ ಅತ್ತೆ ರೇಷ್ಮೆ ಸೀರೆ ನೇಯುವ ಮನೆಯವರು. ಅಂಗಳಕ್ಕೆ ಒಯ್ದು ಕಂಬಳಿ ಕೊಡವಿದರು. ಅಕ್ಕಿಕಾಳಿಗಿಂತ ಸಣ್ಣ, ಮೈತುಂಬ ಕಂದು ರೋಮದ ಹುಳಗಳೂ ಅವು ಕಳಚಿದ ಪೊರೆಗಳೂ ಉದುರಿದವು.

"ಇಲಿ ಅಲ್ಲ ಕಣಮ್ಮ, ಪುರುಗು, ಈ ಹುಳ. ಇಲಿ ಆಗಿದ್ರೆ ಪಂಚೆ ಬಿಡ್ತಿತ್ತಾ? ಇದು ಉಣ್ಣೆ, ರೇಷ್ಮೆ ತಿಂತೈತೆ, ಹತ್ತಿ ಮುಟ್ಟಲ್ಲ," ಎಂದರು. ಕಿಟಕಿಯಲ್ಲಿ ಸತ್ತುಬಿದ್ದಿದ್ದ ಚುಕ್ಕೆಚುಕ್ಕೆಯ ಪುಟ್ಟ ದುಂಬಿಯನ್ನು ತೋರಿಸಿ, ಮೊಟ್ಟೆ ಇಡುವುದು ಇದೇ ಎಂದರು. "ಬೆವರು, ಕೊಳೆ ಇದ್ದ ಕಡೆನೇ ಮೊದ್ಲು ಬಾಯಿ ಹಾಕ್ತೈತೆ. ಒಗೆದು ಬಿಸಿಲಿಗೆ ಹಾಕಿದ್ರೆ ಉಳೀತಿತ್ತು."

ತಲೆಗೆ ಕೊಪ್ಪೆ ಹಾಕುತ್ತಿದ್ದ ಮೂಲೆ, ಹೆಗಲು, ಕುತ್ತಿಗೆ, ಅಪ್ಪನ ಮೈ ತಾಗಿದಲ್ಲೆಲ್ಲ ತಿಂದು ಹಾಕಿದ್ದವು. ಅಂಚು ಮಾತ್ರ ಗಟ್ಟಿಯಾಗಿತ್ತು. ಯಾವುದನ್ನು ಉಳಿಸಲು ಹಟ ಹಿಡಿದಿದ್ದೆನೋ ಅದನ್ನೇ ಹುಳಕ್ಕೆ ಬಡಿಸಿದ್ದೆ. ಪಕ್ಕದ ಮನೆಯ ಕಂಬಳಿ ಹಾಸಿ ಪೂಜೆ ಮುಗಿಸಿದೆವು.

ಸಂಜೆ ಅವ್ವನ ಹತ್ತಿರ ಕೂತು, "ತಪ್ಪು ನಂದವ್ವ," ಎಂದೆ.

"ನೀನು ಬ್ಯಾಡ ಅಂದಿದ್ದಕ್ಕೆ ಬಿಟ್ಟೆ ಅಂದ್ಕಂಡಿಯಾ? ನೀನು ಹೋದ್ಮೇಲೆ ನಾನೇ ಒಗೀಬೋದಿತ್ತು," ಎಂದಳು ಅವ್ವ. "ಆಗಾಗ ಟ್ರಂಕು ತೆಗೆದು ಮೂಸಿ ಮುಚ್ತಿದ್ದೆ. ದೀಪಾವಳಿಗೇ ತೂತು ಕಂಡಿದ್ದೆ. ಆದ್ರೂ ನೀರಿಗೆ ಹಾಕಾಕೆ ಕೈ ಬರಲಿಲ್ಲ."

ಮರುದಿನ ಅವ್ವ ಒಂದು ತುದಿ, ನಾನೊಂದು ತುದಿ ಹಿಡಿದು, ಉಳಿದದ್ದನ್ನು ಒಗೆದು ಹಿಂಡಿದೆವು.