ಬಾಗಿಲು ಹಾಕಿ ಆಡಿದ ಮಾತು

ನನ್ನ ನಾದಿನಿ ನಲವತ್ತು ವರ್ಷ ಇಸ್ತ್ರಿ ಅಂಗಡಿಯಲ್ಲಿ ನಿಂತವಳು. ಊರವರ ಅಂಗಿಗಳ ಸುಕ್ಕು ತೆಗೆದಳೇ ಹೊರತು ತನ್ನ ಮನಸ್ಸನ್ನು ಯಾರ ಮುಂದೆಯೂ ಬಿಚ್ಚಲಿಲ್ಲ. ನನ್ನ ಗಂಡ, ಅಂದರೆ ಅವಳ ಅಣ್ಣ, ತೀರಿಕೊಂಡ ದಿನವೂ ದಿಂಬಿಗೆ ಮುಖ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು.

ಅಂಥವಳು ಬಾಯಿಬಿಟ್ಟದ್ದು ಕುಂಡದಲ್ಲಿ ಗಿಡ ಬೆಳೆಸುವವರ ಸಂಘದಲ್ಲಿ. ಒಂಟಿಯಾಗಿ ಕೂರಬೇಡಿ ಎಂದು ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಒಂದು ಪದ್ಧತಿಯಿದೆ. ಭಾಷಣ ಮಾಡುವವರು ಮೊದಲು ತಾವು ಸಾಯಿಸಿದ ಗಿಡವೊಂದನ್ನು ಕುಂಡದ ಸಮೇತ ಮೇಜಿನ ಮೇಲಿಟ್ಟು, ಅದು ಹೇಗೆ ಸತ್ತಿತು ಎಂದು ಹೇಳಬೇಕು. ಬೆಳೆಸಿದ್ದರ ಮಾತು ಆಮೇಲೆ. ಬಾಗಿಲು ಹಾಕಿರುತ್ತದೆ. ಆಡಿದ್ದು ಸಂಘದವರಲ್ಲೇ ಉಳಿಯುತ್ತದೆ.

ತನ್ನ ಸರದಿ ಬಂದಾಗ ಅವಳು ಒಣಗಿ ಕಡ್ಡಿಯಾದ ದಾಸವಾಳ ತಂದಿಟ್ಟಳು.

"ಇದು ನಮ್ಮ ಯಜಮಾನ್ರ ಗಿಡ. ದಿನಾ ಬೆಳಗ್ಗೆ ಇದರ ಹತ್ರ ನಿಂತು 'ಹೇಗಿದೀಯಮ್ಮ, ನಿದ್ದೆ ಬಂತಾ' ಅಂತ ಕೇಳೋರು. ನಾನು ಜ್ವರ ಬಂದು ಮಲಗಿದ್ದಾಗಲೂ ಕೇಳಿದ್ದು ಇದನ್ನೇ. ಎದ್ದ ದಿನ ಕುದಿಯೋ ನೀರು ಹುಯ್ದೆ. ಹುಳ ಬಿದ್ದು ಸತ್ತಿತು ಅಂದ್ಕೊಂಡಿದಾರೆ. ಇವತ್ತಿಗೂ ಮರುಗ್ತಾರೆ."

"ಸವತಿ ಅಂತ ಮೊದಲೇ ಹೇಳಬಾರದಿತ್ತಾ?" ಎಂದ ಹಿಂದಿನ ಸಾಲಿನ ದರ್ಜಿ. ಎಲ್ಲರೂ ನಕ್ಕರು. ಅವಳೂ ನಕ್ಕು, ನಗುತ್ತಲೇ ಅತ್ತಳು.

ಬಾರದ ಸದಸ್ಯರು ಕೇಳಲಿ ಎಂದು ಸಂಘದ ಕಾರ್ಯದರ್ಶಿ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಭಾಷಣಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದರು. ಕಳೆದ ತಿಂಗಳ ಸಭೆಯಲ್ಲಿ ಎದ್ದು ನಿಂತು, ಇವನ್ನು ಹೊರಗಿನವರಿಗೂ ಮಾರೋಣ ಎಂದರು. ನಾನೂ ಎದ್ದು ನಾದಿನಿಯ ಕಡೆ ಕೈ ತೋರಿಸಿದೆ.

"ಇವಳದ್ದೂ ಮಾರ್ತೀರಾ?"

"ಅದನ್ನೇ ಜನ ಇಷ್ಟಪಟ್ಟು ಕೇಳ್ತಾರಮ್ಮ. ಹೆಸರು ತೆಗೀತೀವಿ."

"ದನಿ? ಕಟ್ಕೊಂಡ ಗಂಡನಿಗೆ ಹೆಂಡ್ತಿ ದನಿ ಗೊತ್ತಾಗಲ್ವಾ?"

"ಹೊಸದಾಗಿ ಕಲಿಯೋರಿಗೆ ಉಪಯೋಗ ಆಗುತ್ತೆ."

"ಏನು ಕಲೀತಾರೆ, ಬಿಸಿನೀರು ಹುಯ್ಯೋದಾ? ಮಾರೋಕೆ ಶುರು ಮಾಡಿದ್ರೆ ಇಲ್ಲಿ ಯಾರು ನಿಜ ಹೇಳ್ತಾರೆ ಮೇಷ್ಟ್ರೇ? ಎಲ್ಲರ ಗಿಡಾನೂ ಬಿಸಿಲಿಗೇ ಸಾಯುತ್ತೆ."

ಕಮಿಟಿಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಅವರು ಕನ್ನಡಕ ಒರೆಸಿಕೊಂಡರು. ಅವತ್ತು ತಮಾಷೆ ಮಾಡಿದ ದರ್ಜಿ ನೆಲ ನೋಡುತ್ತಿದ್ದ.

ದಾರಿಯಲ್ಲಿ ನಾದಿನಿ, "ಯಾರೋ ಗಿರಾಕಿ ಬಂದು ಯಜಮಾನ್ರಿಗೆ ಕೇಳಿಸೋಕ್ಕಿಂತ ನಾನೇ ಹೇಳ್ಬಿಡ್ತೀನಿ ಅತ್ತಿಗೆ" ಎಂದಳು.

"ಕಮಿಟಿಯೋರು ಏನಂತಾರೋ ನೋಡೋಣ, ತಾಳು."

ತಾಳಲಿಲ್ಲ. ಅಂದು ಸಂಜೆಯೇ ಹೇಳಿದಳು. ಗಂಡ ಬೈಯಲಿಲ್ಲ, ಕೂಗಾಡಲಿಲ್ಲ. ಟೆರೇಸಿನ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಅವಳು ಕೈಯಾರೆ ಬೆಳೆಸಿದ ಇಪ್ಪತ್ತೆಂಟು ಕುಂಡಗಳು ಮೇಲಿವೆ. ಈಗ ಅವಕ್ಕೆ ಅವನೇ ನೀರು ಹಾಕುತ್ತಾನೆ. ಅವಳು ಮೆಟ್ಟಿಲ ಮೇಲೆ ನಿಂತು ನೀರಿನ ಸದ್ದು ಕೇಳಿಸಿಕೊಂಡು ಇಸ್ತ್ರಿಗೆ ಹೋಗುತ್ತಾಳೆ.

ಎಂಟು ದಿನ ಬಿಟ್ಟು ಮೇಷ್ಟ್ರ ಫೋನು. "ಮಾರೋದು ಬೇಡ ಅಂತ ತೀರ್ಮಾನ ಆಯ್ತಮ್ಮ. ನಿಮ್ಮ ನಾದಿನಿಗೂ ಹೇಳಿ, ಬರೋ ತಿಂಗಳು ಬರಲಿ." ದೊಡ್ಡ ಉಪಕಾರ ಮಾಡಿದವರ ದನಿ.

"ಮೊದಲು ಅವಳ ಗಂಡನ ಹತ್ರ ಹೋಗಿ ಕೀಲಿ ಇಸ್ಕೊಂಡು ಬನ್ನಿ."

"ಯಾವ ಕೀಲಿಯಮ್ಮ?"

"ಅವನನ್ನೇ ಕೇಳಿ, ಹೇಳ್ತಾನೆ. ರೆಕಾರ್ಡ್ ಮಾಡ್ಕೊಂಡು ಬನ್ನಿ" ಎಂದು ಫೋನು ಇಟ್ಟೆ.